ಎರಡು ಕವಡಿ ಕಲ್ಯಾಣಕ್ಕ, ಎರಡು ಹುಮನಾಬಾದಕ್ಕ

ಹೊಲ ಹಂಚಿದ್ದಾಯಿತು, ಮನೆ ಹಂಚಿದ್ದಾಯಿತು. ತಾಮ್ರದ ಹಂಡೆ ನಮಗೆ, ಹಿತ್ತಾಳೆ ಕೊಪ್ಪರಿಗೆ ಕಾಕಾನಿಗೆ. ಎಮ್ಮೆ ನಮಗೆ, ಹಾಲು ಬಿಡಿಸಿದ ಮೇಲೆ ಕರು ಅವರಿಗೆ. ಪಂಚರು ಚಹಾದ ಬಸಿ ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರ ಝಾಡಿಸಿ ಏಳುವ ಹೊತ್ತಿಗೆ ಆಯಿ ಒಳಗಿನಿಂದ ಬಂದಳು. ಕೈಯಲ್ಲಿ ಹಳೆಯ ಕುಪ್ಪಸದ ಅರಿವೆಯಿಂದ ಹೊಲಿದ ಪುಟ್ಟ ಚೀಲ. ಅದನ್ನು ಪಡಸಾಲೆಯ ನಟ್ಟನಡುವೆ ತಲೆಕೆಳಗು ಮಾಡಿದಳು. ನಾಲ್ಕು ಕವಡಿ ಬಿದ್ದವು.

“ಇವ್ನೂ ಹಂಚ್ರಿ” ಅಂದಳು.

“ಇವೇನ್ ಆಸ್ತಿ ಅವೇನವ್ವಾ?” ಅಂದರು ಹಿರಿಯ ಪಂಚರು.

“ನನ್ಗ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ಹಂಚೀರಲ್ಲ, ನಾ ಏನ್ ಆಸ್ತಿ ಇದ್ದೀನೇನು?”

ಪಂಚರು ಮತ್ತೆ ಕೂತರು. ಮತ್ತೊಂದು ಸುತ್ತು ಚಹಾ ಬಂತು. ಕೊನೆಗೆ ಎರಡು ಕವಡಿ ಬಸವಕಲ್ಯಾಣದ ಮನೆಗೆ, ಎರಡು ಹುಮನಾಬಾದಿನ ಮನೆಗೆ ಎಂದು ತೀರ್ಪಾಯಿತು. ಕಾಗದಕ್ಕೆ ಮಾತ್ರ ಇಳಿಸಲಿಲ್ಲ. ಓದಿದವರು ನಕ್ಕಾರು ಎಂಬ ಹೆದರಿಕೆ.

ಎರಡೇ ಕವಡಿಯಲ್ಲಿ ಚೌಕಾಬಾರಾ ಆಡಿ ನೋಡಿದ್ದೀರಾ? ಚೌಕ ಬೀಳುವುದಿಲ್ಲ, ಬಾರಾ ಬೀಳುವುದಿಲ್ಲ, ಆಟವೇ ಏಳುವುದಿಲ್ಲ. ಇದು ಪಂಚರಿಗೆ ಹೊಳೆಯಲಿಲ್ಲ. ಆಯಿಗೆ ಹೊಳೆದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಆಟವಾಗಬೇಕೆಂದರೆ ಕಾಕಾ ಹುಮನಾಬಾದಿನಿಂದ ಬಸ್ಸು ಹತ್ತಬೇಕು, ಅವರ ಮನೆಯಲ್ಲಾಗಬೇಕೆಂದರೆ ನಾವು ಹತ್ತಬೇಕು. ಮಾತು ಬಿಟ್ಟ ವರ್ಷವೂ ಒಮ್ಮೆ ಇತ್ತು, ಬದುವಿನ ಬೇವಿನ ಮರದ ಸಲುವಾಗಿ. ಆ ವರ್ಷ ಕಾಕಾ ಬಂದು, ಯಾರ ಜೊತೆಗೂ ಮಾತಾಡದೆ, ತನ್ನ ಎರಡು ಕವಡಿ ಫರಸಿಯ ಮೇಲಿಟ್ಟು ಕೂತ. ಅಪ್ಪ ತನ್ನವೆರಡು ತಂದಿಟ್ಟ. ಸಂಜೆಯವರೆಗೆ ಆಡಿದರು. ಆಡಿದ ಮಾತೆಲ್ಲ “ಮೂರು”, “ಎರಡು”, “ಸುಳ್ಳ”, “ಖರೆ”, ಇಷ್ಟೇ.

ಹಂಚುವ ವಿದ್ಯೆಗೆ ನಮ್ಮೂರು ಹಿಂದಿನಿಂದಲೂ ಹೆಸರುವಾಸಿ. ಇಲ್ಲಿಂದ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಹಿರಿಯರ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ದೇಶದ ಅಣ್ಣತಮ್ಮಂದಿರೆಲ್ಲ ಆ ಪುಸ್ತಕದ ಹೆಸರಿನಲ್ಲೇ ಬಡಿದಾಡಿದರು, ವಕೀಲರು ಮಾಳಿಗೆ ಮನೆ ಕಟ್ಟಿಸಿಕೊಂಡರು. ಮಿತಾಕ್ಷರ ಎಂದರೆ ಅಳತೆಯ ಅಕ್ಷರ, ಸ್ವಲ್ಪದರಲ್ಲಿ ಹೇಳಿದ್ದು ಎಂದರ್ಥವಂತೆ. ನಮ್ಮ ಪಾಲು ವಾಟ್ನಿಯ ಕಾಗದ ಹನ್ನೊಂದು ಪುಟವಿದೆ.

ಇರಲಿ, ಆಟದ ಮಾತು. ಬೆಂಗಳೂರು ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ, ಅವರ ಅಜ್ಜಿಯರೂ ಆಡಿದ್ದಾರೆ. ಫೋನು ನೋಡುತ್ತ ಬೆಳೆದವರಿಗೆ ಹೇಳುತ್ತೇನೆ. ಐದು ಐದಲೆ ಇಪ್ಪತ್ತೈದು ಮನೆ. ನಾಲ್ಕೂ ಬದಿಯ ನಡುವಿನ ಮನೆಗೆ, ಮತ್ತೆ ನಟ್ಟನಡುವಿನ ಮನೆಗೆ ಗುಣಾಕಾರದ ಗೆರೆ. ಅವು ಕಟ್ಟಿಮನೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಗಿನ 16 ಮನೆ ಒಂದು ದಿಕ್ಕಿನಲ್ಲಿ ಸುತ್ತಿ, ಒಳಗಿನ 8 ಮನೆ ಉಲ್ಟಾ ಸುತ್ತಿ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಕವಡಿ ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಎರಡಕ್ಕೂ ಮತ್ತೊಂದು ಆಟ ಬೋನಸ್ಸು.

ನಮ್ಮ ಮಣೆ ಪಡಸಾಲೆಯ ಶಹಾಬಾದಿ ಫರಸಿಯ ಮೇಲೇ ಇದೆ. ಮುತ್ಯಾ ಉಳಿ ಹಿಡಿದು ಕೊರೆದದ್ದು. ಒಂದು ಗೆರೆ ಸೊಟ್ಟ. ಆ ಸೊಟ್ಟಿನಿಂದ ಒಂದು ಬದಿಯ ಮನೆಗಳು ಉಳಿದವಕ್ಕಿಂತ ಬೆರಳಗಲ ದೊಡ್ಡವಾಗಿವೆ, ಆಯಿ ಯಾವಾಗಲೂ ಅದೇ ಬದಿಗೆ ಕೂರುತ್ತಿದ್ದಳು. ಮನೆ ದೊಡ್ಡದಾದರೆ ಏನು ಲಾಭ ಎಂದು ಕೇಳಬೇಡಿ. ಚೌಕಾಬಾರಾದಲ್ಲಿ ಏನೂ ಇಲ್ಲ. ಆಯಿಗೆ ಇತ್ತು: ಎರಡು ಮನೆಯ ನಡುವಿನ ಗೆರೆಯ ಮೇಲೆ ಕಾಯಿ ಇಟ್ಟು, ಸಮಯ ನೋಡಿ ಮುಂದಿನ ಮನೆಯದ್ದೆಂದೋ ಹಿಂದಿನದ್ದೆಂದೋ ವಾದಿಸಲು ಜಾಗ ಬೇಕಲ್ಲ!

ಹೆಸರಿನದು ಇನ್ನೊಂದು ರಗಳೆ. ಬೀದರ ಜಿಲ್ಲೆಯವರ ಬೀಗತನ ಮೂರು ರಾಜ್ಯಕ್ಕೆ ಹರಡಿದ ಬಳ್ಳಿ. ಉಮರ್ಗಾಕ್ಕೆ ಕೊಟ್ಟ ಅತ್ತಿ ಹಬ್ಬಕ್ಕೆ ಬಂದರೆ “ಚಲ್ಲಸ ಆಠ ಆಡೋಣು ಬರ್ರಿ” ಎನ್ನುತ್ತಾಳೆ. ಜಹೀರಾಬಾದಿನಿಂದ ತಂದ ವೈನಿ ಅದನ್ನೇ ‘ಅಷ್ಟಾ ಚೆಮ್ಮಾ’ ಎನ್ನುತ್ತಾಳೆ, ಆ ಹೆಸರಿನ ಸಿನಿಮಾ ಕೂಡ 2008ರಲ್ಲಿ ಬಂದಿದೆ ಎಂದು ನಮ್ಮೆದುರು ಮೆರೆಯುತ್ತಾಳೆ. ನಾವು ಚೌಕಾಬಾರಾ ಎನ್ನುತ್ತೇವೆ. ಮೂರೂ ಹೆಸರನ್ನು ಬಿಚ್ಚಿ ನೋಡಿದರೆ ಒಳಗಿರುವುದು ನಾಲ್ಕು ಮತ್ತು ಎಂಟು, ಅಷ್ಟೇ. ಅಂದರೆ ಗೋದಾವರಿಯಿಂದ ಕಾವೇರಿವರೆಗೆ ಆಟಕ್ಕೆ ಹೆಸರಿಟ್ಟವರಿಗೆಲ್ಲ ದೊಡ್ಡ ಗರವೇ ನೆನಪಿದ್ದದ್ದು. ಒಂದು, ಎರಡು ಬಿದ್ದದ್ದನ್ನು ಯಾರೂ ಹೆಸರಿನಲ್ಲಿ ಸೇರಿಸಿಕೊಳ್ಳಲಿಲ್ಲ.

ಆದರೆ ಮರಾಠಿಯವರ ಆಠ ಎಂಟೇ, ತೆಲುಗರ ಅಷ್ಟವೂ ಎಂಟೇ. ನಮ್ಮ ಬಾರಾ ಮಾತ್ರ ಹೆಸರಿಗೆ ಹನ್ನೆರಡು, ಎಣಿಸುವಾಗ ಎಂಟು. ನಿಜಾಮನ ಕಾಲದಿಂದ ದಖನಿ ಉರ್ದು ಕೇಳುತ್ತ ಬೆಳೆದ ನಮ್ಮೂರಿನವರಿಗೆ ಬಾರಾ ಎಂದರೆ ಹನ್ನೆರಡೆಂದು ಗೊತ್ತಿಲ್ಲದ್ದಲ್ಲ. ಒಮ್ಮೆ ಕಾಕಾನನ್ನು ಕೇಳಿದೆ. “ಸಾಹುಕಾರನ ಲೆಕ್ಕ ತಮ್ಮಾ. ಬರಕೊಳ್ಳೋದು ಹನ್ನೆರಡು, ಕೈಗಿ ಕೊಡೋದು ಎಂಟು” ಎಂದ. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪಂಡಿತರಿಂದಲೂ ಸಿಕ್ಕಿಲ್ಲ.

ನಮ್ಮಣ್ಣನ ಮಗ ಪಿಯುಸಿ ಓದುವಾಗ ಒಮ್ಮೆ ಕಾಗದ ಪೆನ್ನು ಹಿಡಿದು ಆಯಿಯ ಎದುರು ಕೂತ. ನಾಲ್ಕು ಕವಡಿ ಬೀಳುವ ಬಗೆ ಹದಿನಾರು. ಅದರಲ್ಲಿ ಒಂದು ಬೀಳುವುದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ. ಚೌಕ ಒಂದೇ ಸಲ, ಬಾರಾ ಒಂದೇ ಸಲ. ಸರಾಸರಿ ತೆಗೆದರೆ ಒಂದು ಎಸೆತಕ್ಕೆ ಎರಡೂವರೆ ಮನೆ. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕಕ್ಕೆ 96. ಯಾರೂ ಯಾರನ್ನೂ ಹೊಡೆಯದಿದ್ದರೆ 38-39 ಎಸೆತಕ್ಕೆ ಒಬ್ಬರ ಆಟ ಮುಗಿಯಬೇಕು, ಹೆಚ್ಚೆಂದರೆ ಅರ್ಧ ತಾಸು. ನಮ್ಮ ಮನೆಯಲ್ಲಿ ಊಟ ಮಾಡಿ ಕೂತವರು ದೀಪ ಹಚ್ಚುವ ಹೊತ್ತಿಗೂ ಏಳುವುದಿಲ್ಲ. ಉಳಿದ ಹೊತ್ತು ಎಲ್ಲಿ ಹೋಯಿತು ಎಂದು ಹುಡುಗನ ಪ್ರಶ್ನೆ. ಮತ್ತೊಂದು: ಬಾರಾ ಹದಿನಾರಕ್ಕೆ ಒಂದು ಬೀಳಬೇಕಾದರೆ, ಆಯಿಗೆ ಮೂರಕ್ಕೊಂದು ಹೇಗೆ ಬೀಳುತ್ತದೆ?

ಆಯಿ ಕವಡಿ ಕುಲುಕುತ್ತಲೇ ಅಂದಳು: “ಲೆಕ್ಕಕ್ಕ ಕವಡಿ ಹುಟ್ಯಾವೋ, ಕವಡಿಗಿ ಲೆಕ್ಕ ಹುಟ್ಯಾದೋ?” ಎಸೆದಳು. ಬಾರಾ.

ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕವಡಿ ನಾಣ್ಯವಲ್ಲ ಎಂಬುದೊಂದು ಅವನಿಗೆ ಗೊತ್ತಿರಲಿಲ್ಲ. ಡುಬ್ಬ ಒಂದು ಕಡೆ, ಹಲ್ಲು ಕಿರಿದ ಸಪಾಟು ಒಂದು ಕಡೆ. ಪ್ರತಿಯೊಂದಕ್ಕೂ ತನ್ನದೇ ಒಲವು. ನಮ್ಮ ನಾಲ್ಕರಲ್ಲಿ ಒಂದು ತೂತು ಬಿದ್ದದ್ದು, ಯಾವುದೋ ಎತ್ತಿನ ಕೊರಳ ಸರದಿಂದ ಬಂದದ್ದು, ಅದು ಬೋರಲು ಬೀಳಲು ಹಟ ಹಿಡಿದಂತೆ ಬೀಳುತ್ತದೆ. ಇನ್ನೊಂದನ್ನು ಆಯಿ ಎಸೆಯುತ್ತಲೇ ಇರಲಿಲ್ಲ, ಕಿರುಬೆರಳ ಸಂದಿನಿಂದ ಮೆಲ್ಲಗೆ ಇಳಿಬಿಡುತ್ತಿದ್ದಳು. ಉಳಿದೆರಡನ್ನು ಶಿವ ನೋಡಿಕೊಳ್ಳುತ್ತಿದ್ದ.

ಆಟದ ನಿಯಮಗಳಲ್ಲಿ ನನಗೆ ಬಹಳ ರುಚಿಸುವುದು ಇದು: ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಎಷ್ಟೇ ಸಭ್ಯರಾಗಿರಿ, ಹೊರಗಿನ ಹದಿನಾರು ಮನೆಯಲ್ಲೇ ಗಾಣದ ಎತ್ತಿನ ಹಾಗೆ ತಿರುಗುತ್ತಿರಿ. ನಮ್ಮ ಕಾಕು ಈ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ ತಲೆ ಮೇಲಿನ ಸೆರಗು ಜಾರಿಸುತ್ತಿರಲಿಲ್ಲ, ಅತ್ತೆಯ ಎದುರು ದನಿ ತೆಗೆಯುತ್ತಿರಲಿಲ್ಲ. ಆ ವರ್ಷದ ಪಂಚಮಿಗೆ ನಾಲ್ಕನೆಯವರು ಕಮ್ಮಿ ಬಿದ್ದರೆಂದು ಅವಳನ್ನು ಕೂರಿಸಿದರು. ಹೊರಸುತ್ತಿನಲ್ಲೇ ಮಧ್ಯಾಹ್ನ ಕಳೆಯಿತು. ಆಯಿಯ ಕಾಯಿ ಮೂರು ಮನೆ ಮುಂದೆ ಕೂತಿದೆ, ಕಾಕುವಿಗೆ ಮೂರೇ ಬಿದ್ದಿದೆ. ಅವಳು ಬೇರೆ ಕಾಯಿ ನಡೆಸಲು ಕೈ ಹಾಕಿದಳು. ಆಯಿ ಆ ಕೈಯನ್ನು ತಟ್ಟಿ ಕೇಳಿದಳು:

“ಯಾಕ್ಬೇ, ನನ್ಗ ಹೊಡೀಲಾಕ ಅಂಜ್ತೀ?”

“ಹಂಗಲ್ರಿ ಅತ್ತಿ...”

“ಹೊಡೀದೆ ಒಳಗ ಹೆಂಗ್ ಬರ್ತಿ?”

ಕಾಕು ಹೊಡೆದಳು. ಆಮೇಲೆ ಮೂವತ್ತು ವರ್ಷ ಕೈ ತಡೆದವಳಲ್ಲ.

ಈಗ ಅರಮನೆ ಕಡೆ ಹೋಗೋಣ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನಿಗೆ ಕತ್ತಿಗಿಂತ ಲೇಖನಿಯ ಮೇಲೆ ಮನಸ್ಸು. ಸರ್ವಜ್ಞ ಚಕ್ರವರ್ತಿ ಎಂಬುದು ಅವನ ಬಿರುದು. 1130ರ ಆಸುಪಾಸಿನಲ್ಲಿ ಅವನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಆನೆ ಹಿಡಿಯುವುದರಿಂದ ಹಿಡಿದು ದೋಸೆ ಹುಯ್ಯುವವರೆಗೆ, ಹೊಲದ ಇಲಿ ಹುರಿಯುವವರೆಗೆ ಎಲ್ಲವೂ ಇದೆ. ಕೊನೆಯ ಭಾಗದ ಹೆಸರೇ ಕ್ರೀಡಾವಿಂಶತಿ. ಮರಳಾಟ, ಬೆಳದಿಂಗಳಾಟ, ಒಗಟು, ಚತುರಂಗ, ದಾಳದ ಪಾಶಕಕ್ರೀಡೆ ಎಂದು ಸಾಗುವ ಆ ಇಪ್ಪತ್ತರಲ್ಲಿ ವರಾಟಿಕಾಕ್ರೀಡೆ ಎಂಬುದೊಂದು ಅಧ್ಯಾಯ. ವರಾಟಿಕೆ ಎಂದರೆ ಕವಡಿ. ಇಡೀ ದಖನ್ನಿನ ದೊರೆ, ರಾಜ್ಯಭಾರ ಬದಿಗಿಟ್ಟು, ಕವಡಿ ಆಟದ ಬಗ್ಗೆ ಶ್ಲೋಕ ಕಟ್ಟಿದ್ದಾನೆ, ಅದೂ ನಮ್ಮೂರಿನಲ್ಲಿ ಕೂತು! ಬಡೋದೆಯವರು ಗಾಯಕವಾಡ ಮಾಲೆಯಲ್ಲಿ ಮೂರು ಸಂಪುಟವಾಗಿ ಅಚ್ಚು ಹಾಕಿದ್ದಾರೆ. ಇದನ್ನು ಕಾಕಾನಿಗೆ ಹೇಳಿದರೆ, “ಅದ್ಕೇ ರಾಜ್ಯ ಹೋಯ್ತು” ಅಂದ. ಸೋಮೇಶ್ವರ ಸತ್ತು ಇಪ್ಪತ್ತು ವರ್ಷ ಆಗುವುದರೊಳಗೆ ಕಲ್ಯಾಣದ ಗಾದಿ ಕಳಚುರಿ ಬಿಜ್ಜಳನ ಕೈಗೆ ಹೋದದ್ದು ನಿಜ. ಕವಡಿಯಿಂದಲೇ ಹೋಯಿತೆಂದು ಹೇಳುವ ಧೈರ್ಯ ಮಾತ್ರ ಕಾಕಾನಿಗೊಬ್ಬನಿಗೇ ಇದೆ.

ಮಗ ಹೀಗಾದರೆ, ಅಪ್ಪನ ಆಸ್ಥಾನದ ವಿಜ್ಞಾನೇಶ್ವರ ಅದೇ ಆಟಕ್ಕೆ ಕಾನೂನು ಹಿಡಿದು ಕೂತಿದ್ದಾನೆ. ಸ್ಮೃತಿಯಲ್ಲಿ ಜೂಜಿಗೇ ಒಂದು ಪ್ರಕರಣವಿದೆ. ದಾಳದಂಥ ನಿರ್ಜೀವ ವಸ್ತು ಹಿಡಿದು ಆಡುವುದು ದ್ಯೂತ. ಟಗರು, ಕೋಳಿ ಕಾದಾಡಿಸುವುದು ಸಮಾಹ್ವಯ. ಆಟದ ಮನೆ ನಡೆಸುವವನು ಸಭಿಕ. ಪಣ ನೂರು ಮತ್ತು ಮೇಲ್ಪಟ್ಟರೆ ಅವನಿಗೆ ನೂರಕ್ಕೆ 5, ಕಮ್ಮಿಯಾದರೆ ನೂರಕ್ಕೆ 10. ದೊಡ್ಡವರಿಗೆ ಅರ್ಧ, ಸಣ್ಣವರಿಗೆ ಪೂರಾ. ಈಗಿನವರು ತೆರಿಗೆ ಹಾಕುವುದನ್ನು ಎಲ್ಲಿಂದ ಕಲಿತರೆಂದು ಗೊತ್ತಾಯಿತಲ್ಲ. ಸಭಿಕನಿಂದ ದೊರೆಗೆ ಪಾಲು, ದೊರೆಯಿಂದ ಸಭಿಕನಿಗೆ ರಕ್ಷಣೆ. ನಮ್ಮ ಮನೆಯ ಸಭಿಕಳು ಆಯಿ. ಗೆದ್ದವರ ಮುಂದಿನ ಹುರಿದ ಶೇಂಗಾ ರಾಶಿಯಿಂದ ಅವಳು ತೆಗೆಯುತ್ತಿದ್ದ ಮುಷ್ಟಿ ನೂರಕ್ಕೆ ಐವತ್ತಕ್ಕಿಂತ ಕಡಿಮೆ ಇದ್ದದ್ದು ನಾನು ಕಾಣೆ. ರಕ್ಷಣೆ ಯಾರಿಗೂ ಇರಲಿಲ್ಲ.

ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಕಳ್ಳ ದಾಳ ಹಾಕಿ, ಮೋಸದಿಂದ ಆಡುವವರಿಗೆ ದೊರೆ ಗುರುತಿನ ಬರೆ ಹಾಕಿಸಿ ನಾಡಿನಿಂದ ಹೊರಗೆ ಅಟ್ಟಬೇಕು. ಇದನ್ನು ಓದಿದ ದಿನ ನನಗೆ ಒಂದು ವಿಷಯ ಬಗೆಹರಿಯಿತು. ಕಾಕಾ ಹುಮನಾಬಾದಿಗೆ ಹೋದದ್ದು ಅಡತಿ ಅಂಗಡಿಯ ವ್ಯಾಪಾರಕ್ಕಲ್ಲ, ಅದು ಗಡಿಪಾರು.

ದೇವರ ವಿಷಯವೂ ಬೇರೆಯಲ್ಲ. ಕಾರ್ತಿಕದ ಪಾಡ್ಯಕ್ಕೆ, ನಾವು ಬಲಿಪಾಡ್ಯಮಿ ಎನ್ನುವ ದಿನಕ್ಕೆ, ಹಳೆಯವರು ದ್ಯೂತ ಪ್ರತಿಪದೆ ಎನ್ನುತ್ತಾರೆ. ಅವತ್ತು ಆಡಿ ಗೆದ್ದವರಿಗೆ ವರ್ಷವೆಲ್ಲ ಗೆಲುವು ಎಂಬ ನಂಬಿಕೆ. ಶಿವ ಪಾರ್ವತಿಯರು ಪಗಡೆ ಆಡಿದ ದಿನವಂತೆ. ವೇರೂಳಿನ, ಅಂದರೆ ಎಲ್ಲೋರದ, 21ನೇ ಗುಹೆಯಲ್ಲಿ ಇಬ್ಬರೂ ಆಟಕ್ಕೆ ಕೂತ ಶಿಲ್ಪವಿದೆ. 29ರಲ್ಲೂ ಇದೆ. ನಾವು ಮನೆಮಂದಿಯೆಲ್ಲ ಹೋಗಿ ನೋಡಿದೆವು. ಕಾಕಾ ಬಹಳ ಹೊತ್ತು ನಿಂತು ನೋಡಿ, “ಸೋತಾಂವ ಯಾರಂತ ಕೇಳಬೇಕೇನು? ಮೈಮ್ಯಾಲ ವಸ್ತ್ರ ಉಳಿದಿಲ್ಲ ನೋಡು” ಅಂದ. ಕಾಕು ಎರಡೂ ಕೆನ್ನೆ ಬಡಿದುಕೊಂಡು ತಪ್ಪಾಯ್ತು ಎಂದಳು, ಆದರೆ ನಕ್ಕದ್ದು ನಾನು ನೋಡಿದೆ.

ಮೈಸೂರಿನವರದು ಬೇರೆಯೇ ಠೀವಿ. ಅವರ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಹೊಸ ಮಣೆ ಆಟಗಳನ್ನು ಕಟ್ಟಿದರು, ಜಗನ್ಮೋಹನ ಅರಮನೆಯ ಗೋಡೆಗೂ ಬರೆಸಿದರು. ಅಲ್ಲಿಯ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಎಂದು ಪ್ರದರ್ಶನ ಇಡುತ್ತಾರೆ. ರೇಷ್ಮೆಯ ಹಾಸು, ಅರಗಿನ ಬಣ್ಣದ ಕಾಯಿ, ನೋಡಲು ಎರಡು ಕಣ್ಣು ಸಾಲವು. ನಮ್ಮಲ್ಲಿ ಕಾಯಿ ಎಂದರೆ ಒಡೆದ ಬಳೆಯ ಚೂರು ನಾಲ್ಕು, ಹುಣಸೆ ಬೀಜ ನಾಲ್ಕು, ಜೋಳದ ಕಾಳು ನಾಲ್ಕು, ತೊಗರಿ ಕಾಳು ನಾಲ್ಕು. ತೊಗರಿಯವರು ಯಾವತ್ತೂ ಗೆದ್ದದ್ದಿಲ್ಲ. ಆಟ ರಂಗೇರಿದಾಗ ಯಾವುದಾದರೂ ಕೂಸು ಅಂಬೆಗಾಲಿಟ್ಟು ಬಂದು ಹಣ್ಣಾಗಬೇಕಿದ್ದ ಕಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನುಂಗಿದ ಕಾಯಿ ಸತ್ತ ಲೆಕ್ಕವೋ, ಹಣ್ಣಾದ ಲೆಕ್ಕವೋ? ಇದಕ್ಕೆ ವಿಜ್ಞಾನೇಶ್ವರನಲ್ಲೂ ಉತ್ತರವಿಲ್ಲ.

ಇಂಗ್ಲಿಷರು ಪಚ್ಚೀಸಿಯನ್ನು ಎತ್ತಿಕೊಂಡು ಹೋಗಿ, ಕವಡಿ ಕಿತ್ತು ಒಂದು ಚೌಕದ ದಾಳ ಕೊಟ್ಟು, 1890ರ ದಶಕದಲ್ಲಿ ಲೂಡೋ ಎಂದು ಹೆಸರಿಟ್ಟು ಪೇಟೆಂಟ್ ಮಾಡಿಕೊಂಡರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ‘ನಾನು ಆಡುತ್ತೇನೆ’ ಎಂದಂತೆ. ಈಗ ಅದು ಫೋನಿನೊಳಗೆ ಸೇರಿ ಅರ್ಥ ಪೂರಾ ಆಗಿದೆ: ನಾನು ಆಡುತ್ತೇನೆ, ನೀವು ಬೇಕಿಲ್ಲ. ಅಣ್ಣನ ಮಗ ಒಮ್ಮೆ, “ಯಾಕ ಅಲ್ಲಿಂದಿಲ್ಲಿಗಿ ಬಸ್ಸಿನ್ಯಾಗ ಹೊಯ್ದಾಡ್ತೀರಿ, ಮಾಣಿಕನಗರ ಜಾತ್ರ್ಯಾಗ ಕವಡಿ ಸಿಗ್ತಾವಲ್ಲ, ತಂದು ಕೊಡ್ತೀನಿ” ಅಂದ. ಮನೆಯವರೆಲ್ಲ ಅವನನ್ನು ಹೇಗೆ ನೋಡಿದರೆಂದರೆ, ಹುಡುಗ ಮನೆಯ ಎಮ್ಮೆಯನ್ನು ಕಸಾಯಿಗೆ ಮಾರೋಣ ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲ.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಆಗ ನಮ್ಮ ಎರಡು ಕವಡಿ ಅಲ್ಲಿಗೆ ಪ್ರಯಾಣ. ಅಪ್ಪ ಅವನ್ನು ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿ, ಸಸ್ತಾಪುರ ಬಂಗ್ಲಾ ದಾಟುವಾಗ ಒಮ್ಮೆ, ರಾಜೇಶ್ವರ ದಾಟುವಾಗ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ಇಳಿಯುತ್ತಲೇ ಕಾಕಾನ ಮೊದಲ ಮಾತು: “ನಿಮ್ಮೂರಾಗ 108 ಫೂಟ್ ಬಸವಣ್ಣ ಕುಂತಾನ, ಖರೆ. ರೈಲು ಎಲ್ಲಿ ನಿಲ್ತದ ಹೇಳು?” 2017ರಲ್ಲಿ ಬೀದರ–ಕಲಬುರಗಿ ಹಳಿ ಪೂರಾ ಆದಾಗಿನಿಂದ ಈ ಚುಚ್ಚು ಶುರುವಾಗಿದೆ. ರೈಲು ಹುಮನಾಬಾದಿನ ಮೇಲೆ ಹಾಯುತ್ತದೆ, ಕಲ್ಯಾಣಕ್ಕೆ ಬರುವುದಿಲ್ಲ. ಅಪ್ಪನ ಉತ್ತರವೂ ಪ್ರತಿ ವರ್ಷ ಒಂದೇ: “ಬಸವಣ್ಣನೂ ನಡಕೊಂಡೇ ಬಂದಿದ್ದ.” ಕಾಕಾನ ಮನೆಯಲ್ಲಿ ಹೊಳೆಯುವ ಟೈಲ್ಸ್ ಹಾಕಿಸಿದ್ದಾರೆ, ಅದರ ಮೇಲೆ ಖಡುವಿನಿಂದ ಗೆರೆ ಎಳೆಯುತ್ತಾನೆ. ಕವಡಿ ಎಸೆದರೆ ಜಾರಿ ಸೋಫಾದ ಕೆಳಗೆ ಹೋಗುತ್ತವೆ. ಸೋಫಾದ ಕೆಳಗೆ ಯಾವಾಗಲೂ ಕಾಕಾನೇ ಬಗ್ಗಿ ನೋಡುತ್ತಾನೆ. ಅಲ್ಲಿ ಯಾವಾಗಲೂ ಚೌಕವೇ ಬಿದ್ದಿರುತ್ತದೆ.

ಆಯಿ ಹೋಗಿ ಮೂರು ವರ್ಷವಾಯಿತು. ಸೊಟ್ಟ ಗೆರೆಯ ಬದಿಗೆ ಈಗ ಕಾಕು ಕೂರುತ್ತಾಳೆ. ಯಾರನ್ನೂ ಕೇಳದೆ ಬಂದು ಕೂತಳು, ಯಾರೂ ಏನೂ ಅನ್ನಲಿಲ್ಲ. ತೂತಿನ ಕವಡಿ ನಮ್ಮ ಪಾಲಿಗೆ ಬಂದದ್ದು, ಆದರೆ ಅದು ಕಾಕು ಹೇಳಿದಂತೆ ಕೇಳುತ್ತದೆ. ಕಾಕಾನ ಕೂದಲೂ ಪೂರಾ ಬೆಳ್ಳಗಾಗಿದೆ. ಮೊನ್ನೆ ಪಾಡ್ಯಮಿಯ ದಿನ ಮೊಣಕಾಲು ಹಿಡಿದು ಏಳುತ್ತ, “ಮೂರು ಕಾಯಿ ಹೊರಗ ಅವ, ನಾನೇ ಮೊದಲ ಹಣ್ಣಾಗ್ಲತ್ತೀನಿ” ಎಂದು ನಗಿಸಿದ.

ಅವತ್ತಿನ ಆಟ ಮುಗಿಯಲಿಲ್ಲ. ಹುಮನಾಬಾದಿನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನನ್ನ ಕಾಯಿಗೆ ಕಾಕಾನ ಕಾಯಿ ಎರಡೇ ಮನೆ ದೂರ, ಆಟ ನನ್ನದು. ಎರಡು ಬೀಳುವುದು ಹದಿನಾರಕ್ಕೆ ಆರು ಸಲ, ಹುಡುಗನ ಲೆಕ್ಕ ನನಗೆ ಬಾಯಿಪಾಠ. ಕಾಕಾ ಗಡಿಯಾರ ನೋಡಿದ, ತನ್ನೆರಡು ಕವಡಿ ಎತ್ತಿ ಜೇಬಿಗಿಳಿಸಿದ. ಹಂಗಾದರೆ ಆಟ? “ಪಂಚಮಿಗಿ ಬರ್ತೀನಿ, ಇಲ್ಲಿಂದೇ ಶುರು. ತಕರಾರು ಬ್ಯಾಡ, ಫೋಟೋ ಹೊಡಕೋತೀನಿ” ಎಂದು ಫೋನು ತೆಗೆದು, ಮಣೆಯ ಮೇಲೆ ಬಗ್ಗಿ, ಬೆಳಕು ಬರಲೆಂದು ಕೈಯಿಂದ ಅತ್ತಿತ್ತ ಸರಿಸಿ, ಒಂದು ಫೋಟೋ ಹೊಡೆದ. ಚಪ್ಪಲಿ ಮೆಟ್ಟಿ ಹೋದ. ರಾತ್ರಿ ಹುಮನಾಬಾದ್ ಮುಟ್ಟಿದ ಮೇಲೆ ಮನೆಮಂದಿಗೆಲ್ಲ ಅದನ್ನು ಕಳಿಸಿದ.

ಫೋಟೋ ದೊಡ್ಡದು ಮಾಡಿ ನೋಡಿದೆ. ಬಳೆ ಚೂರು, ಹುಣಸೆ ಬೀಜ, ಜೋಳ, ಎಲ್ಲವೂ ತಂತಮ್ಮ ಮನೆಯಲ್ಲೇ ಇವೆ. ಕಾಕಾನ ಕಾಯಿ ಕಟ್ಟಿಮನೆಯ ಗುಣಾಕಾರದ ಮೇಲೆ ಸುಖವಾಗಿ ಕೂತಿದೆ.